ಕೊಳವೆ ಎಷ್ಟು ದೊಡ್ಡದಿರಬೇಕು?

ನಮ್ಮ ವಡಾಲ ವಾಚನಾಲಯಕ್ಕೆ ರಾತ್ರಿ ಬಂದು ಪತ್ರಿಕೆ ಓದುವ ಬಂಧುಗಳಲ್ಲಿ ಒಬ್ಬರು ಟ್ಯಾಕ್ಸಿಯವರು. ಸಾಲ ಮಾಡಿ ಕೊಂಡ ಟರ್ಬೊ ಡೀಸೆಲ್ ಕಾರು. ಖಂಡಾಳಾ ಘಾಟಿನಲ್ಲಿ ಎಳೆತ ಕಡಿಮೆಯಾಯಿತೆಂದು ಗ್ಯಾರೇಜಿಗೆ ಒಯ್ದರೆ, “ಇಂಟರ್‌ಕೂಲರಿನ ಕೊಳವೆ ಸಣ್ಣದು, ಮೂರಿಂಚಿನದು ಹಾಕಿಸಿ” ಎಂದರಂತೆ. ಖರ್ಚು ಎರಡು ತಿಂಗಳ ಕಂತಿನಷ್ಟು. “ಹಾಕಿಸುವುದೋ ಬೇಡವೋ ಮಾರಾಯ್ರೆ?” ಎಂದು ನಮ್ಮನ್ನು ಕೇಳಿದರು. ನಾವು ಮಿಲ್ಲಿನ ಗುಮಾಸ್ತರು, ಮೆಟ್ರಿಕ್ ಓದಿದವರು. ಆದರೂ ಲೆಕ್ಕ ಬಲ್ಲೆವು. ಹಾಕಿದ ಲೆಕ್ಕ ಇತರರಿಗೂ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇವೆ.

ಇಂಜಿನ್ನು ಬಿಡುವ ಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗಿಸಿ, ಅದರಿಂದ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವುದು ಟರ್ಬೊ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಇಂಜಿನಿಯರು ೧೯೦೫ರಲ್ಲೇ ಇದಕ್ಕೆ ಪೇಟೆಂಟು ಪಡೆದಿದ್ದರು. ಸೈಕಲ್ ಪಂಪು ಒತ್ತಿದಾಗ ಬಿಸಿಯಾಗುವಂತೆ, ಒತ್ತಿದ ಗಾಳಿಯೂ ಕಾಯುತ್ತದೆ. ಕಾದ ಗಾಳಿ ಹಿಗ್ಗಿ ತೆಳುವಾಗುತ್ತದೆ. ಅದನ್ನು ತಣಿಸಿ ಮತ್ತೆ ದಟ್ಟ ಮಾಡುವುದು ಇಂಟರ್‌ಕೂಲರಿನ ಕೆಲಸ. ಟರ್ಬೊದಿಂದ ಇಲ್ಲಿಗೆ, ಇಲ್ಲಿಂದ ಇಂಜಿನ್ನಿಗೆ ಹೋಗುವುದೇ ನಮ್ಮ ಕೊಳವೆ.

ಇನ್ನು ಲೆಕ್ಕ. ೧೫೦೦ ಸಿ.ಸಿ. ಇಂಜಿನ್ನು ಎರಡು ಸುತ್ತಿಗೊಮ್ಮೆ ಒಂದೂವರೆ ಲೀಟರು ಗಾಳಿ ಎಳೆಯುತ್ತದೆ. ನಿಮಿಷಕ್ಕೆ ೪೦೦೦ ಸುತ್ತಾದರೆ ೩೦೦೦ ಲೀಟರು, ಅಂದರೆ ಸೆಕೆಂಡಿಗೆ ೫೦ ಲೀಟರು. ಈ ಗಾಳಿ ಒಳವ್ಯಾಸ ೩೮ ಮಿ.ಮೀ. ಕೊಳವೆಯಲ್ಲಿ ಸೆಕೆಂಡಿಗೆ ಸುಮಾರು ೪೪ ಮೀಟರು ವೇಗದಲ್ಲಿಯೂ, ೫೦ ಮಿ.ಮೀ.ನಲ್ಲಿ ೨೫ ಮೀಟರು, ೭೫ ಮಿ.ಮೀ.ನಲ್ಲಿ ೧೧ ಮೀಟರು ವೇಗದಲ್ಲಿಯೂ ಹರಿಯುತ್ತದೆ. ಇಂಟರ್‌ಕೂಲರಿಗೆ ಮುಂಚಿನ ಬಿಸಿ ಗಾಳಿಯ ವೇಗ ಇನ್ನೂ ಸ್ವಲ್ಪ ಹೆಚ್ಚು.

ವೇಗ ಎರಡು ಪಟ್ಟಾದರೆ ತಿಕ್ಕಾಟದ ನಷ್ಟ ಸುಮಾರು ನಾಲ್ಕು ಪಟ್ಟಾಗುತ್ತದೆ. ಆದುದರಿಂದ ತೀರ ಸಣ್ಣ ಕೊಳವೆ ಕೂಡದು. ಆದರೆ ೫೦ ಮಿ.ಮೀ. ಕೊಳವೆಯಲ್ಲೇ, ಬಾಗುಗಳು ಸೇರಿ, ಟರ್ಬೊ ಕೊಟ್ಟ ಹೆಚ್ಚುವರಿ ಒತ್ತಡದಲ್ಲಿ ನಷ್ಟವಾಗುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಮೂರಿಂಚಿನದು ಹಾಕಿದರೆ ಉಳಿಯುವುದು ಅಷ್ಟರೊಳಗೇ. ಅದಕ್ಕೆ ಎರಡು ಕಂತು ತೆರಬೇಕೇ?

ಮೇಲಾಗಿ ದೊಡ್ಡ ಕೊಳವೆಗೆ ತನ್ನದೇ ದೋಷವುಂಟು. ಎರಡು ಮೀಟರು ಉದ್ದಕ್ಕೆ ೫೦ ಮಿ.ಮೀ. ಕೊಳವೆಯಲ್ಲಿ ಸುಮಾರು ೪ ಲೀಟರು ಗಾಳಿ ಹಿಡಿದರೆ, ೭೫ ಮಿ.ಮೀ.ನಲ್ಲಿ ಸುಮಾರು ೯ ಲೀಟರು. ಪೆಡಲು ತುಳಿದಾಗ ಅಷ್ಟೂ ತುಂಬಿ ಒತ್ತಡ ಏರಿದ ಮೇಲೆಯೇ ಇಂಜಿನ್ನಿಗೆ ಬಲ. ಜಾಗ ಸಾಲದೆ ಕೊಳವೆಯನ್ನು ಥಟ್ಟನೆ ಬಗ್ಗಿಸಿದರೆ, ಅಥವಾ ಕಿರಿದಾದ ಬಾಯಿಗೆ ಒಮ್ಮೆಲೇ ಜೋಡಿಸಿದರೆ, ಬಂದ ಲಾಭವೂ ಹೋಯಿತು.

ಹಾಗಾದರೆ ಆರಿಸುವುದು ಹೇಗೆ? ಟರ್ಬೊದ ಬಾಯಿಯ ಅಳತೆಯಿಂದ ಹೊರಟು, ಇಂಜಿನ್ನಿನ ಬಾಯಿಯ ಅಳತೆಗೆ ಮೆಲ್ಲನೆ ಹೊಂದಿಸುವುದು. ಬಾಗು ಕಡಿಮೆ, ಉದ್ದ ಕಡಿಮೆ. ಇಂಜಿನ್ನಿನ ಶಕ್ತಿ ಹೆಚ್ಚಿಸದೆ ಕಂಪೆನಿಯ ಅಳತೆ ಬದಲಿಸುವ ಅಗತ್ಯ ಬೀಳದು.

ನಮ್ಮ ಬಂಧುಗಳಿಗೆ ನಾವು ಹೇಳಿದ್ದಿಷ್ಟೆ: “ಇದೇ ಕೊಳವೆಯಲ್ಲಿ ಕಾರು ಹಿಂದೆ ಘಾಟು ಹತ್ತಿತ್ತಲ್ಲ! ಈಗ ಹತ್ತದಿದ್ದರೆ ಕೆಟ್ಟದ್ದು ಬೇರೇನೋ ಇರಬೇಕು.” ಬೇರೊಬ್ಬ ಮೆಕ್ಯಾನಿಕರು ಕೊಳವೆಯನ್ನು ಗಾಳಿಯೊತ್ತಿ ಸಾಬೂನು ನೀರಿನಿಂದ ಪರೀಕ್ಷಿಸಿದಾಗ, ಕ್ಲಿಪ್ಪಿನ ಅಡಿಯಲ್ಲಿ ರಬ್ಬರು ಸೀಳಿರುವುದು ಕಂಡಿತು. ಅದೊಂದನ್ನು ಬದಲಿಸಿದರು. ಮರುವಾರ ಪುಣೆಗೆ ಹೋಗಿ ಬಂದರು; ಕಂತೂ ಉಳಿಯಿತು.

ದೊಡ್ಡದೆಲ್ಲ ಒಳ್ಳೆಯದಲ್ಲ. ಹಣ ಬಿಚ್ಚುವ ಮುನ್ನ ಒಮ್ಮೆ ಲೆಕ್ಕ ಹಾಕಿ ನೋಡಿರೆಂದು ವಾಚಕರಲ್ಲಿ ನಮ್ಮ ವಿನಂತಿ.