ಒಪ್ಪಿಕೊಂಡ ಪಿಎಚ್‌ಡಿ ಸೀಟು ಬಿಡೋದು ತಪ್ಪಾ? ಏಪ್ರಿಲ್ 15ರ ಲೆಕ್ಕ

ಈ ಸಂಚಿಕೆ ಶುರುವಾಗಿದ್ದು ಒಂದು ಫೋನ್ ಕರೆಯಿಂದ. ನನ್ನ ಜೊತೆ ಬಿಕಾಂ ಓದಿದ ಗೆಳತಿ ಅಮೆರಿಕದ ಒಂದು ವಿಶ್ವವಿದ್ಯಾಲಯದ ಫೈನಾನ್ಸ್ ಪಿಎಚ್‌ಡಿಗೆ ಮಾರ್ಚ್‌ನಲ್ಲೇ ಒಪ್ಪಿಗೆ ಕೊಟ್ಟಿದ್ದಳು. ಏಪ್ರಿಲ್ 11ರ ರಾತ್ರಿ, ವೇಟಿಂಗ್ ಲಿಸ್ಟ್‌ನಲ್ಲಿದ್ದ ಇನ್ನೊಂದು ಕಡೆಯಿಂದ ಆಫರ್ ಬಂತು. ಮೊದಲನೆಯವರು ಕೊಡೋದು ವರ್ಷದಲ್ಲಿ ಒಂಬತ್ತು ತಿಂಗಳ ಸ್ಟೈಪೆಂಡ್. ಎರಡನೆಯವರು ಹನ್ನೆರಡೂ ತಿಂಗಳು ಕೊಡ್ತಾರೆ, ಅದೂ ಐದು ವರ್ಷ. ಅವಳ ವಿಷಯದಲ್ಲೇ ಕೆಲಸ ಮಾಡೋ ಮೂವರು ಪ್ರೊಫೆಸರ್‌ಗಳೂ ಅಲ್ಲಿದ್ದಾರೆ.

"ಮತ್ತೇನು ಯೋಚನೆ?" ಅಂದೆ.

"ಕೊಟ್ಟ ಮಾತಿಗೆ ತಪ್ಪಬಾರದು ಅಂತಾರೆ ಅಪ್ಪ. ನನಗೂ ನಿದ್ದೆ ಬರ್ತಿಲ್ಲ ಕಣೋ."

ಹಾಗಾದ್ರೆ ನಿಯಮ ಏನು ಹೇಳುತ್ತೆ? ಅಮೆರಿಕದಲ್ಲಿ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಅನ್ನೋ ಒಕ್ಕೂಟ ಇದೆ. ಅದರ 'ಏಪ್ರಿಲ್ 15 ನಿರ್ಣಯ'ಕ್ಕೆ ಬಹಳಷ್ಟು ವಿಶ್ವವಿದ್ಯಾಲಯಗಳು ಸಹಿ ಹಾಕಿವೆ. ಧನಸಹಾಯದ ಆಫರ್‌ಗೆ ಏಪ್ರಿಲ್ 15ಕ್ಕಿಂತ ಮೊದಲೇ ಉತ್ತರ ಕೊಡಲೇಬೇಕು ಅಂತ ವಿದ್ಯಾರ್ಥಿಯನ್ನ ಒತ್ತಾಯ ಮಾಡುವಂತಿಲ್ಲ. ಮೊದಲೇ ಒಪ್ಪಿಕೊಂಡಿದ್ದರೂ ಆ ದಿನದವರೆಗೆ ಲಿಖಿತವಾಗಿ ತಿಳಿಸಿ ಹಿಂದೆ ಸರಿಯಬಹುದು. ಅಂದ್ರೆ ಅವಳು ಮಾಡೋಕೆ ಹೊರಟಿದ್ದು ಮೋಸ ಅಲ್ಲ, ನಿಯಮದಲ್ಲೇ ಇರೋ ದಾರಿ. ಆದರೆ ಎರಡು ವಿಷಯ ನೋಡ್ಕೋಬೇಕು: ನಿಮ್ಮ ವಿಶ್ವವಿದ್ಯಾಲಯ ಆ ಪಟ್ಟಿಯಲ್ಲಿದೆಯಾ, ಆಫರ್ ಪತ್ರದಲ್ಲಿ ಬೇರೆ ಷರತ್ತು ಏನಾದರೂ ಇದೆಯಾ. ಗಡುವು ದಾಟಿದ ಮೇಲಾದರೆ ಮೊದಲು ಆ ವಿಭಾಗದವರ ಜೊತೆ ಮಾತಾಡಿ, ಆಮೇಲೆ ಹೆಜ್ಜೆ ಇಡಿ.

ಇನ್ನು ಕ್ರಮ. ಹೊಸ ಆಫರ್ ಕೈಗೆ ಬರೋವರೆಗೆ ಹಳೆಯದನ್ನ ಬಿಡಬೇಡಿ. ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ; ಸ್ಟೈಪೆಂಡ್, ಟ್ಯೂಷನ್ ಫೀ ಮಾಫಿ, ಆರೋಗ್ಯ ವಿಮೆ, ಎಷ್ಟು ವರ್ಷ ಅನ್ನೋದೆಲ್ಲ ಪತ್ರದಲ್ಲಿರಲಿ. ಬಂದ ಮೇಲೆ ತಡ ಮಾಡಬೇಡಿ, ಎರಡು ದೋಣಿ ಮೇಲೆ ಕಾಲಿಡೋದು ಬೇಡ. ಪಿಎಚ್‌ಡಿ ವಿಭಾಗದ ಮುಖ್ಯಸ್ಥರಿಗೆ ಇಮೇಲ್ ಮಾಡಿ, ನಿಮ್ಮ ಜೊತೆ ಮಾತಾಡಿದ್ದ ಪ್ರೊಫೆಸರ್‌ಗೆ ಬೇರೆಯಾಗಿ ಬರೆಯಿರಿ. ನಾಲ್ಕು ಸಾಲು ಸಾಕು: ಧನ್ಯವಾದ, ಹಿಂದೆ ಸರೀತಿದ್ದೀನಿ, ಕ್ಷಮೆ ಇರಲಿ, ನಿಮ್ಮ ಸಮಯಕ್ಕೆ ಋಣಿ. ಸುಳ್ಳು ನೆಪ ಮಾತ್ರ ಬೇಡ. ಸಂಶೋಧನೆಯ ಲೋಕ ಚಿಕ್ಕದು, ನಾಳೆ ಯಾವುದೋ ಸಮ್ಮೇಳನದಲ್ಲಿ ಅವರೇ ಎದುರಾಗ್ತಾರೆ.

ವೀಸಾ ವಿಷಯ ಮರೀಬೇಡಿ. ಐ-20 ಪತ್ರ ಕೊಡೋದು ಆಯಾ ವಿಶ್ವವಿದ್ಯಾಲಯ. ಸೇರೋ ಜಾಗ ಬದಲಾದರೆ ಹೊಸ ಐ-20 ಬೇಕು; ಅದು ಬಂದ ಮೇಲೆ ವೀಸಾ ಸಂದರ್ಶನಕ್ಕೆ ಹೋಗಿ.

ಗೆಳತಿ ಏಪ್ರಿಲ್ 13ಕ್ಕೆ ಇಮೇಲ್ ಕಳಿಸಿದಳು. ಅವಳಪ್ಪನಿಗೆ ನಿಯಮ ಓದಿ ಹೇಳಿದ್ರೂ ಒಪ್ಪಿರಲಿಲ್ಲ. ಕೊನೆಗೆ ಅವಳು ಕೇಳಿದ್ದು ಇಷ್ಟೇ: "ಅಪ್ಪ, ನನಗೆ ಈ ಸೀಟು ಹೇಗೆ ಬಂತು? ಯಾರೋ ಬಿಟ್ಟಿದ್ದಕ್ಕೆ ತಾನೇ? ನಾನು ಬಿಟ್ಟರೆ ಇನ್ಯಾರಿಗೋ ಸಿಗಬಹುದು. ಸುಮ್ಮನಿದ್ದು ಆಗಸ್ಟ್‌ನಲ್ಲಿ ಕೈ ಕೊಟ್ಟರೆ ಯಾರಿಗೂ ಇಲ್ಲ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಇವತ್ತೇ ಬರಿ" ಅಂದ್ರಂತೆ.

ಪ್ರೊಫೆಸರ್ ಉತ್ತರ ಮಾರನೇ ದಿನ ಬಂತು. ಎರಡೇ ಸಾಲು: ಬೇಗ ತಿಳಿಸಿದ್ದಕ್ಕೆ ಥ್ಯಾಂಕ್ಸ್, ಒಳ್ಳೇದಾಗಲಿ.

ನೀವೂ ಇಂಥದ್ದೇ ಗೊಂದಲದಲ್ಲಿದ್ದರೆ ಮೊದಲು ಕ್ಯಾಲೆಂಡರ್ ನೋಡಿ. ಮುಂದಿನ ವಾರ ಸಿಗೋಣ.