ನಡುಮೆಟ್ಟಿಲಲ್ಲಿ ಹುಟ್ಟಿದ ಹೊಸತು: ಓಲ್ಡ್ಸ್‌ಮೊಬೈಲ್ ಬೆಳೆದ ಬಗೆ, ಅಳಿದ ಬಗೆ

1940ರ ಮಾಡೆಲ್‌ನ ಓಲ್ಡ್ಸ್‌ಮೊಬೈಲ್ ಕಾರಿಗೆ 57 ಡಾಲರ್ ಹೆಚ್ಚಿಗೆ ಕೊಟ್ಟರೆ ಅದು ಕ್ಲಚ್ ಪೆಡಲ್ ಇಲ್ಲದೆ ಬರುತ್ತಿತ್ತು. ಚಾಲಕ ಆಕ್ಸಿಲರೇಟರ್ ಒತ್ತಿದರೆ ಸಾಕು, ಒಂದರಿಂದ ನಾಲ್ಕರವರೆಗಿನ ಗೇರನ್ನು ಕಾರು ತಾನೇ ಬದಲಿಸಿಕೊಳ್ಳುತ್ತಿತ್ತು. ಆ ಗೇರ್‌ಬಾಕ್ಸಿನ ಹೆಸರು ಹೈಡ್ರಾಮ್ಯಾಟಿಕ್. ದೊಡ್ಡ ಪ್ರಮಾಣದಲ್ಲಿ ತಯಾರಾಗಿ ಜನರ ಕೈಸೇರಿದ ಮೊದಲ ಪೂರ್ಣ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಅದೇ. ಅದನ್ನು ರೂಪಿಸಿದ್ದು ಜನರಲ್ ಮೋಟರ್ಸ್‌ನಲ್ಲಿ ಅರ್ಲ್ ಥಾಂಪ್ಸನ್ ಮುಂದಾಳುತನದ ಎಂಜಿನಿಯರುಗಳ ತಂಡ. ಆ ಕಂಪನಿಗೆ ಕ್ಯಾಡಿಲಾಕ್‌ನಂಥ ಐಷಾರಾಮಿ ಕಾರೂ ಇತ್ತು. ಆದರೂ ಮೊದಲ ಅವಕಾಶ ಸಿಕ್ಕಿದ್ದು ಮಧ್ಯಮ ಬೆಲೆಯ ಓಲ್ಡ್ಸ್‌ಮೊಬೈಲ್‌ಗೆ. ಕ್ಯಾಡಿಲಾಕ್ ಕೊಳ್ಳುವವರು ಇನ್ನೊಂದು ವರ್ಷ ಕಾಯಬೇಕಾಯಿತು.

ಓಲ್ಡ್ಸ್‌ಮೊಬೈಲ್‌ನ ಏಳಿಗೆಯ ಗುಟ್ಟು ಈ ಸರದಿಯಲ್ಲಿದೆ. ತೀರ ಅಗ್ಗದ ಕಾರನ್ನು ಅದರ ಬೆಲೆಯೇ ಮಾರುತ್ತದೆ. ತೀರ ದುಬಾರಿ ಕಾರನ್ನು ಅಂತಸ್ತು ಮಾರುತ್ತದೆ. ನಡುವೆ ನಿಂತ ಕಾರಿಗೆ ಈ ಎರಡು ಆಸರೆಗಳೂ ಇಲ್ಲ. ಬೇರೆಲ್ಲೂ ಸಿಗದ ಒಂದು ಗುಣ ಅದರ ಯಂತ್ರದೊಳಗೇ ಇರಬೇಕು. ಓಲ್ಡ್ಸ್‌ಮೊಬೈಲ್ ಹಲವು ದಶಕ ಆ ಗುಣವನ್ನು ಉಳಿಸಿಕೊಂಡಿತ್ತು. ಅದನ್ನು ಬಿಟ್ಟುಕೊಟ್ಟ ಮೇಲೆ, ಲಕ್ಷಗಟ್ಟಲೆ ಕಾರು ಮಾರುತ್ತಲೇ ಒಳಗಿಂದೊಳಗೆ ಟೊಳ್ಳಾಯಿತು.

ಲ್ಯಾನ್ಸಿಂಗ್‌ನ ಮೊದಲ ಹೆಜ್ಜೆ

ರ‍್ಯಾನ್ಸಮ್ ಎಲಿ ಓಲ್ಡ್ಸ್ ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್ ಪಟ್ಟಣದಲ್ಲಿ ತನ್ನ ಮೋಟಾರು ಕಂಪನಿ ಶುರುಮಾಡಿದ್ದು 1897ರಲ್ಲಿ. ಎರಡು ವರ್ಷದ ನಂತರ ಅದು ಹೊಸ ಬಂಡವಾಳದೊಂದಿಗೆ ಡೆಟ್ರಾಯಿಟ್‌ಗೂ ಹೋಯಿತು. 1901ರ ಮಾರ್ಚ್‌ನಲ್ಲಿ ಅಲ್ಲಿನ ಕಾರ್ಖಾನೆಗೆ ಬೆಂಕಿ ಬಿತ್ತು. ಆಮೇಲೆ ಕಂಪನಿ ಒಂದೇ ಚಿಕ್ಕ ಮಾಡೆಲ್‌ಗೆ ಗಂಟುಬಿತ್ತು. ಅದರ ಮುಂಭಾಗದ ಹಲಗೆ ಒಳಕ್ಕೆ ಬಾಗಿದ್ದರಿಂದ ಅದಕ್ಕೆ ಕರ್ವ್ಡ್ ಡ್ಯಾಶ್ ಎಂಬ ಹೆಸರು ಬಂತು. ಒಂದೇ ಸಿಲಿಂಡರ್, ಸುಮಾರು 5 ಅಶ್ವಶಕ್ತಿ, ಎರಡು ಗೇರ್, ಸ್ಟಿಯರಿಂಗ್ ಚಕ್ರದ ಬದಲು ಒಂದು ಹಿಡಿಕೋಲು. ಬೆಲೆ 650 ಡಾಲರ್.

ಬಿಡಿಭಾಗಗಳನ್ನೆಲ್ಲ ಒಂದೇ ಕಡೆ ಮಾಡುವ ಬದಲು ಹೊರಗಿನ ಕುಶಲ ಕಾರ್ಖಾನೆಗಳಿಗೆ ವಹಿಸಲಾಯಿತು. ಹೆನ್ರಿ ಲೀಲ್ಯಾಂಡ್‌ನ ಕಾರ್ಖಾನೆಯಿಂದ ಎಂಜಿನ್ ಬಂತು, ಡಾಜ್ ಸೋದರರಿಂದ ಗೇರ್‌ಬಾಕ್ಸ್ ಬಂತು. ಮುಂದೆ ಲೀಲ್ಯಾಂಡ್ ಕ್ಯಾಡಿಲಾಕ್ ಕಟ್ಟಿದ, ಡಾಜ್ ಸೋದರರು ತಮ್ಮದೇ ಹೆಸರಿನ ಕಾರು ತಂದರು. ಹೆನ್ರಿ ಫೋರ್ಡ್‌ನ ಮಾಡೆಲ್ ಟಿ ಬರುವುದಕ್ಕೆ ಕೆಲವು ವರ್ಷ ಮೊದಲೇ ವರ್ಷಕ್ಕೆ ಸಾವಿರಾರು ಕಾರು ತಯಾರಿಸಬಹುದೆಂದು ತೋರಿಸಿಕೊಟ್ಟದ್ದು ಈ ಪುಟ್ಟ ಬಂಡಿ. ಪಾಲುದಾರರೊಂದಿಗೆ ಹೊಂದಾಣಿಕೆಯಾಗದೆ ಓಲ್ಡ್ಸ್ 1904ರಲ್ಲಿ ಹೊರನಡೆದ. 1908ರಲ್ಲಿ ಕಂಪನಿ ಹೊಸದಾಗಿ ಹುಟ್ಟಿದ ಜನರಲ್ ಮೋಟರ್ಸ್‌ನ ಪಾಲಾಯಿತು.

1920ರ ದಶಕದಲ್ಲಿ ಜನರಲ್ ಮೋಟರ್ಸ್ ಮುಖ್ಯಸ್ಥ ಆಲ್ಫ್ರೆಡ್ ಸ್ಲೋನ್ ತನ್ನ ಕಾರುಗಳನ್ನು ಬೆಲೆಯ ಮೆಟ್ಟಿಲುಗಳಾಗಿ ಜೋಡಿಸಿದ. ಕೆಳಗೆ ಶೆವ್ರೊಲೆ, ಅದರ ಮೇಲೆ ಪಾಂಟಿಯಾಕ್, ನಡುವೆ ಓಲ್ಡ್ಸ್‌ಮೊಬೈಲ್, ಆಮೇಲೆ ಬ್ಯೂಯಿಕ್, ತುದಿಯಲ್ಲಿ ಕ್ಯಾಡಿಲಾಕ್. ಸಂಬಳ ಏರಿದಂತೆ ಗ್ರಾಹಕ ಅದೇ ಕಂಪನಿಯ ಮುಂದಿನ ಮೆಟ್ಟಿಲು ಹತ್ತಬೇಕೆಂಬುದು ಲೆಕ್ಕಾಚಾರ. ಪ್ರತಿ ವಿಭಾಗಕ್ಕೂ ತನ್ನದೇ ಎಂಜಿನಿಯರುಗಳು, ತನ್ನದೇ ಎಂಜಿನ್ ಕಾರ್ಖಾನೆ ಇದ್ದವು. ಸರಿಯಾಗಿ ನಡುವಿನಲ್ಲಿದ್ದ ಓಲ್ಡ್ಸ್‌ಮೊಬೈಲ್ ಹೊಸ ತಂತ್ರಜ್ಞಾನವನ್ನು ಮೊದಲು ರಸ್ತೆಗಿಳಿಸಿ ನೋಡುವ ವಿಭಾಗವಾಗಿ ಬೆಳೆಯಿತು.

ಎಣ್ಣೆಯಲ್ಲೇ ಯೋಚಿಸುವ ಗೇರ್‌ಬಾಕ್ಸ್

ಹೈಡ್ರಾಮ್ಯಾಟಿಕ್‌ನ ಮೊದಲ ಭಾಗ ದ್ರವದ ಜೋಡಣೆ. ಎದುರುಬದುರಾಗಿ ಎರಡು ಟೇಬಲ್ ಫ್ಯಾನ್ ಇಟ್ಟು ಒಂದಕ್ಕೆ ಮಾತ್ರ ಕರೆಂಟ್ ಕೊಟ್ಟರೆ, ಅದರ ಗಾಳಿಗೆ ಇನ್ನೊಂದರ ರೆಕ್ಕೆಯೂ ತಿರುಗುತ್ತದೆ. ಇಲ್ಲಿ ಗಾಳಿಯ ಜಾಗದಲ್ಲಿ ಎಣ್ಣೆ ಇದೆ. ಎಂಜಿನ್‌ಗೆ ಸೇರಿದ ರೆಕ್ಕೆಗಳು ಎಣ್ಣೆಯನ್ನು ಬೀಸುತ್ತವೆ, ಆ ರಭಸಕ್ಕೆ ಚಕ್ರಗಳ ಕಡೆಯ ರೆಕ್ಕೆಗಳು ತಿರುಗುತ್ತವೆ. ಎಂಜಿನ್ ನಿಧಾನವಾದಾಗ ಎಣ್ಣೆ ಜಾರಿಹೋಗುವುದರಿಂದ ಕಾರು ನಿಂತಿದ್ದರೂ ಎಂಜಿನ್ ಆಫ್ ಆಗುವುದಿಲ್ಲ. ಎಡಗಾಲಿನ ಕೆಲಸ ಇಲ್ಲಿಗೆ ಮುಗಿಯಿತು.

ಎರಡನೆಯ ಭಾಗ ಪ್ಲಾನೆಟರಿ ಗೇರ್. ನಡುವೆ ಒಂದು ಗೇರ್, ಅದರ ಸುತ್ತ ಗ್ರಹಗಳಂತೆ ಸುತ್ತುವ ಚಿಕ್ಕ ಗೇರ್‌ಗಳು, ಎಲ್ಲವನ್ನೂ ಬಳಸಿದ ಹಲ್ಲುಳ್ಳ ಉಂಗುರ. ಇವುಗಳಲ್ಲಿ ಒಂದನ್ನು ತಿರುಗದಂತೆ ಹಿಡಿದರೆ ವೇಗದ ಅನುಪಾತ ಬದಲಾಗುತ್ತದೆ. ಎರಡನ್ನು ಒಟ್ಟಿಗೆ ಬಿಗಿದರೆ ಇಡೀ ಗುಂಪು ಒಂದಾಗಿ ತಿರುಗುತ್ತದೆ. ಹಲ್ಲುಗಳು ಎಂದೂ ಬೇರ್ಪಡುವುದಿಲ್ಲವಾದ್ದರಿಂದ ಗೇರ್ ಹಾಕುವಾಗ ಕರಕರ ಸದ್ದಿಲ್ಲ. ಎರಡೇ ಗೇರಿನ ಕರ್ವ್ಡ್ ಡ್ಯಾಶ್‌ನಲ್ಲೂ ಇದೇ ತತ್ವವಿತ್ತು, ಆದರೆ ಅಲ್ಲಿ ಹಿಡಿಯುವ ಬಿಡುವ ಕೆಲಸ ಚಾಲಕನದು.

ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬ ತೀರ್ಮಾನವೇ ಹೈಡ್ರಾಮ್ಯಾಟಿಕ್‌ನ ಜಾಣತನ. ಕಾರಿನ ವೇಗ ಏರಿದಂತೆ ಗವರ್ನರ್ ಎಂಬ ಸಾಧನ ಎಣ್ಣೆಯ ಒಂದು ಒತ್ತಡವನ್ನು ಏರಿಸುತ್ತದೆ. ಆಕ್ಸಿಲರೇಟರ್ ತುಳಿದಷ್ಟೂ ಅದಕ್ಕೆ ಎದುರಾದ ಇನ್ನೊಂದು ಒತ್ತಡ ಏರುತ್ತದೆ. ನಡುವಿನ ಕವಾಟ ಯಾವ ಒತ್ತಡ ಗೆದ್ದಿತೋ ಆ ಕಡೆಗೆ ಸರಿದು ಗೇರ್ ಬದಲಿಸುತ್ತದೆ. ಸಮತಟ್ಟಿನಲ್ಲಿ ಹಗುರವಾಗಿ ತುಳಿದರೆ ಮೇಲಿನ ಗೇರ್ ಬೇಗ ಬರುತ್ತದೆ, ಏರಿನಲ್ಲಿ ಜೋರಾಗಿ ತುಳಿದರೆ ಕೆಳಗಿನ ಗೇರ್ ಹೆಚ್ಚು ಹೊತ್ತು ಉಳಿಯುತ್ತದೆ. ಒಂದು ಚೂರೂ ಎಲೆಕ್ಟ್ರಾನಿಕ್ಸ್ ಇಲ್ಲದೆ, ಎಣ್ಣೆಯ ಒತ್ತಡದಿಂದಲೇ ಈ ವಿವೇಕವನ್ನು ಕಟ್ಟಿದ್ದರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಹಗುರ ಟ್ಯಾಂಕುಗಳಿಗೂ ಇದೇ ಗೇರ್‌ಬಾಕ್ಸ್ ಹೋಯಿತು. ಇಂದು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ತೆವಳುವ ಟಾರ್ಕ್ ಕನ್ವರ್ಟರ್ ಕಾರುಗಳು ಈ ವಂಶದವು.

ರಾಕೆಟ್, ಟರ್ಬೊ, ಸರಪಳಿ

ಜನರಲ್ ಮೋಟರ್ಸ್‌ನ ಸಂಶೋಧನಾ ಮುಖ್ಯಸ್ಥ ಚಾರ್ಲ್ಸ್ ಕೆಟರಿಂಗ್ ವರ್ಷಗಟ್ಟಲೆ ಬೆನ್ನಟ್ಟಿದ ವಿಷಯ ಕಂಪ್ರೆಷನ್. ಸಿಲಿಂಡರ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿಯನ್ನು ಹೆಚ್ಚು ಒತ್ತಿ ಉರಿಸಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ಸಿಗುತ್ತದೆ. ಹಳೆಯ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಸಿಲಿಂಡರ್‌ನ ಪಕ್ಕದಲ್ಲಿದ್ದು ಉರಿಯುವ ಜಾಗ ಹರಡಿಕೊಂಡಿತ್ತು, ಹೆಚ್ಚು ಒತ್ತುವುದು ಕಷ್ಟವಾಗಿತ್ತು. 1949ರಲ್ಲಿ ಬಂದ ಓಲ್ಡ್ಸ್‌ಮೊಬೈಲ್‌ನ ರಾಕೆಟ್ ವಿ8 ಎಂಜಿನ್‌ನಲ್ಲಿ ವಾಲ್ವ್‌ಗಳು ಸಿಲಿಂಡರ್‌ನ ನೆತ್ತಿಗೆ ಏರಿದವು. ಸಿಲಿಂಡರ್ ಅಗಲವಾಗಿ ಪಿಸ್ಟನ್ನಿನ ಓಟ ಗಿಡ್ಡವಾದ್ದರಿಂದ ಘರ್ಷಣೆ ಕಡಿಮೆಯಾಯಿತು. ಸುಮಾರು 5 ಲೀಟರ್ ಗಾತ್ರ, 135 ಅಶ್ವಶಕ್ತಿ.

ಆ ವರ್ಷವೇ ಕ್ಯಾಡಿಲಾಕ್‌ಗೂ ಅಂಥ ಹೊಸ ವಿ8 ಬಂತು. ಆದರೆ ಲ್ಯಾನ್ಸಿಂಗ್‌ನವರು ತಮ್ಮ ದೊಡ್ಡ ಎಂಜಿನ್ನನ್ನು ಹಗುರವಾದ ಬಾಡಿಯಲ್ಲಿ ಕೂರಿಸಿ ರಾಕೆಟ್ 88 ಎಂಬ ಕಾರು ಮಾಡಿದರು. ಅಮೆರಿಕದ ನ್ಯಾಸ್ಕಾರ್ ಸ್ಟಾಕ್ ಕಾರ್ ರೇಸ್‌ನ ಮೊದಲ ಚಾಂಪಿಯನ್‌ಷಿಪ್ಪನ್ನು 1949ರಲ್ಲಿ ರೆಡ್ ಬೈರನ್ ಗೆದ್ದಿದ್ದು ಇದೇ ಕಾರಿನಲ್ಲಿ. 1951ರಲ್ಲಿ ಮೆಂಫಿಸ್‌ನಲ್ಲಿ ಇದೇ ಹೆಸರಿನ ಹಾಡು ರೆಕಾರ್ಡ್ ಆಯಿತು. ರಾಕ್ ಅಂಡ್ ರೋಲ್‌ನ ಮೊದಲ ರೆಕಾರ್ಡ್ ಯಾವುದೆಂಬ ಚರ್ಚೆಯಲ್ಲಿ ಆ ಹಾಡಿನ ಹೆಸರು ಈಗಲೂ ಬರುತ್ತದೆ. ಸಂಬಳದ ಜನರ ಕೈಗೆಟುಕುವ ಕಾರು ಒಂದು ಪೀಳಿಗೆಯ ಕನಸಾಗಿತ್ತು.

1962ರ ಜೆಟ್‌ಫೈರ್ ಟರ್ಬೊಚಾರ್ಜರ್ ಹೊತ್ತು ಬಂದ ಮೊದಲ ಕಾರುಗಳಲ್ಲೊಂದು. ಹೊರಹೋಗುವ ಹೊಗೆಯ ಬಲದಿಂದ ತಿರುಗುವ ಚಕ್ರ, ಎಂಜಿನ್‌ಗೆ ಹೆಚ್ಚು ಗಾಳಿಯನ್ನು ತುರುಕುತ್ತಿತ್ತು. 3.5 ಲೀಟರಿನ ಅಲ್ಯೂಮಿನಿಯಂ ಎಂಜಿನ್‌ನಿಂದ 215 ಅಶ್ವಶಕ್ತಿ ಬಂತು. ಒತ್ತಡ ಹೆಚ್ಚಾದಾಗ ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿಯದಂತೆ ತಣಿಸಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಚಿಮುಕಿಸುವ ಏರ್ಪಾಡಿತ್ತು. ಅದರ ಟ್ಯಾಂಕನ್ನು ಮಾಲೀಕರು ನೆನಪಿಟ್ಟು ತುಂಬಬೇಕಿತ್ತು. ಬಹಳ ಮಂದಿ ತುಂಬಲಿಲ್ಲ, ಎರಡೇ ವರ್ಷದಲ್ಲಿ ಜೆಟ್‌ಫೈರ್ ನಿಂತಿತು. ಇಂದು ಒಂದು ಲೀಟರಿನ ಪುಟ್ಟ ಕಾರುಗಳಲ್ಲೂ ಟರ್ಬೊ ಇದೆ. ಆಗ ಮನುಷ್ಯನ ನೆನಪಿಗೆ ಬಿಟ್ಟಿದ್ದ ಎಚ್ಚರಿಕೆಯನ್ನು ಈಗ ಸೆನ್ಸರ್ ಮತ್ತು ಕಂಪ್ಯೂಟರ್ ವಹಿಸಿಕೊಂಡಿವೆ.

1966ರ ಟೊರೊನಾಡೊ ಇನ್ನೂ ದಿಟ್ಟ ಹೆಜ್ಜೆ. 1937ರಲ್ಲಿ ಕಾರ್ಡ್ ಕಂಪನಿಯ ಕಾರು ನಿಂತ ಮೇಲೆ ಅಮೆರಿಕದಲ್ಲಿ ಮುಂದಿನ ಚಕ್ರಗಳು ಎಳೆಯುವ ಕಾರೇ ತಯಾರಾಗಿರಲಿಲ್ಲ. ಟೊರೊನಾಡೊದಲ್ಲಿ 7 ಲೀಟರಿನ, 385 ಅಶ್ವಶಕ್ತಿಯ ಎಂಜಿನ್‌ನಿಂದ ಮುಂದಿನ ಚಕ್ರಗಳನ್ನು ಓಡಿಸಬೇಕಿತ್ತು. ಉದ್ದದ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಒಂದರ ಹಿಂದೊಂದು ಇಡಲು ಜಾಗವಿಲ್ಲ. ಎಂಜಿನಿಯರುಗಳು ಗೇರ್‌ಬಾಕ್ಸನ್ನು ಎಂಜಿನ್‌ನ ಪಕ್ಕಕ್ಕೆ ಸರಿಸಿ, ಸದ್ದು ಮಾಡದ ಅಗಲವಾದ ಉಕ್ಕಿನ ಸರಪಳಿಯಿಂದ ಎರಡನ್ನೂ ಜೋಡಿಸಿದರು. ಅಷ್ಟು ಶಕ್ತಿಯನ್ನು ಆ ಸರಪಳಿ ತಡೆದುಕೊಂಡಿತು.

ಒಂದೇ ಎಂಜಿನ್, ಬೇರೆ ಹೆಸರು

1976ರಲ್ಲಿ ಓಲ್ಡ್ಸ್‌ಮೊಬೈಲ್‌ನ ಕಟ್ಲಸ್ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು. ಮರುವರ್ಷ ಓಲ್ಡ್ಸ್‌ಮೊಬೈಲ್ ಮಾರಾಟ ಮೊದಲ ಬಾರಿಗೆ 10 ಲಕ್ಷ ದಾಟಿತು. ಇಷ್ಟು ಕಾರಿಗೆ ಸಾಲುವಷ್ಟು ರಾಕೆಟ್ ಎಂಜಿನ್ ಇರಲಿಲ್ಲ. ಜನರಲ್ ಮೋಟರ್ಸ್ ಹಲವು ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಅದೇ 5.7 ಲೀಟರ್ ಗಾತ್ರದ ಶೆವ್ರೊಲೆ ಎಂಜಿನ್ ಜೋಡಿಸಿತು, ಕೊಳ್ಳುವವರಿಗೆ ಹೇಳಲಿಲ್ಲ. ಬಿಡಿಭಾಗ ಹೊಂದದಿದ್ದಾಗ ವಿಷಯ ಬಯಲಾಯಿತು. ರಾಜ್ಯ ಸರ್ಕಾರಗಳು ನ್ಯಾಯಾಲಯಕ್ಕೆ ಹೋದವು, ಕಂಪನಿ ಪರಿಹಾರ ಕೊಡಬೇಕಾಯಿತು.

ಶೆವ್ರೊಲೆ ಎಂಜಿನ್ ಕೆಟ್ಟದ್ದಾಗಿರಲಿಲ್ಲ, ಬಾಳಿಕೆಗೆ ಹೆಸರಾದದ್ದೇ. ಆದರೆ ಗ್ರಾಹಕ ಹೆಚ್ಚಿನ ಹಣ ಕೊಟ್ಟಿದ್ದು ರಾಕೆಟ್ ಎಂಜಿನ್ನಿಗೆ. ಕೆಳಮೆಟ್ಟಿಲಿನ ಎಂಜಿನ್ನೇ ನಡುಮೆಟ್ಟಿಲಿಗೂ ಸಾಕು ಎಂದು ಕಂಪನಿಯೇ ತೋರಿಸಿಕೊಟ್ಟ ಮೇಲೆ ಆ ಮೆಟ್ಟಿಲು ಹತ್ತುವುದೇಕೆ?

ಮುಂದಿನ ಪೆಟ್ಟು ಡೀಸೆಲ್‌ನದು. ಕಾರುಗಳು ಇಂತಿಷ್ಟು ಮೈಲೇಜ್ ಕೊಡಲೇಬೇಕೆಂದು 1975ರಲ್ಲಿ ಅಮೆರಿಕ ಕಾನೂನು ಮಾಡಿತು. 1978ರ ಮಾಡೆಲ್‌ಗಳಿಗೆ ಓಲ್ಡ್ಸ್‌ಮೊಬೈಲ್ 5.7 ಲೀಟರಿನ ಡೀಸೆಲ್ ವಿ8 ತಂದಿತು. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇಲ್ಲ, ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೇ ಇಂಧನ ಹೊತ್ತಿಕೊಳ್ಳಬೇಕು. ಆದ್ದರಿಂದ ಇಲ್ಲಿ ಕಂಪ್ರೆಷನ್ 22.5ಕ್ಕೆ 1 ಇತ್ತು, ಪೆಟ್ರೋಲ್ ಎಂಜಿನ್‌ನ ಎರಡು ಪಟ್ಟಿಗೂ ಹೆಚ್ಚು. ಬ್ಲಾಕನ್ನು ಗಟ್ಟಿಯಾಗಿಯೇ ಮಾಡಿದ್ದರು. ಆದರೆ ಪೆಟ್ರೋಲ್ ಎಂಜಿನ್ ತಯಾರಿಸುವ ಯಂತ್ರಗಳನ್ನೇ ಬಳಸಲೆಂದು ಸಿಲಿಂಡರ್ ಹೆಡ್ಡನ್ನು ಬಿಗಿಯುವ ಬೋಲ್ಟ್‌ಗಳ ಸಂಖ್ಯೆ ಮತ್ತು ಜಾಗವನ್ನು ಬದಲಿಸಲಿಲ್ಲ. ಆ ಒತ್ತಡಕ್ಕೆ ಬೋಲ್ಟ್‌ಗಳು ಹಿಗ್ಗಿದವು, ಹೆಡ್ ಗ್ಯಾಸ್ಕೆಟ್ ಸೋರಿತು, ಕೂಲೆಂಟ್ ನೀರು ಸಿಲಿಂಡರ್‌ಗೆ ಇಳಿಯಿತು. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಮೇಲೇರಿದ ಪಿಸ್ಟನ್ ಅದಕ್ಕೆ ಬಡಿದು ಎಂಜಿನ್ನೇ ಮುರಿಯಿತು.

ಡೀಸೆಲ್‌ನಲ್ಲಿ ಸೇರಿದ ನೀರನ್ನು ಬೇರ್ಪಡಿಸುವ ವಾಟರ್ ಸೆಪರೇಟರ್ ಕೂಡ ಇರಲಿಲ್ಲ. ನಮ್ಮ ಊರಿನ ಟ್ರ್ಯಾಕ್ಟರ್ ಮಾಲೀಕರಿಗೂ ಗೊತ್ತಿರುವ ಎಚ್ಚರಿಕೆ ಅದು. ಅದಿಲ್ಲದೆ ಇಂಜೆಕ್ಷನ್ ಪಂಪುಗಳು ತುಕ್ಕು ಹಿಡಿದವು. 1985ರಲ್ಲಿ ಈ ಎಂಜಿನ್ ನಿಲ್ಲುವ ಹೊತ್ತಿಗೆ ಅಮೆರಿಕದ ಒಂದು ಪೀಳಿಗೆ ಡೀಸೆಲ್ ಕಾರೆಂದರೆ ಬೆಚ್ಚುವಂತಾಗಿತ್ತು. ಮೂರು ದಶಕ ಹೊಸತನ್ನು ತಾಳ್ಮೆಯಿಂದ ಪರೀಕ್ಷಿಸಿ ತಂದ ವಿಭಾಗವೇ, ಕೆಲವು ಬೋಲ್ಟ್‌ಗಳ ಖರ್ಚು ಉಳಿಸಲು ಹೋಗಿ ಆ ವಿಶ್ವಾಸವನ್ನು ಕಳೆದುಕೊಂಡದ್ದು ಬಹಳ ನೋವಿನ ಸಂಗತಿ.

1982ರಲ್ಲಿ ಬಂದ ಕಟ್ಲಸ್ ಸಿಯೆರಾ ತನ್ನ ಸೋದರ ವಿಭಾಗಗಳ ಶೆವ್ರೊಲೆ ಸೆಲೆಬ್ರಿಟಿ, ಪಾಂಟಿಯಾಕ್ 6000 ಮತ್ತು ಬ್ಯೂಯಿಕ್ ಸೆಂಚುರಿ ಕಾರುಗಳ ಪಡಿಯಚ್ಚಿನಂತಿತ್ತು. 1983ರಲ್ಲಿ ಫಾರ್ಚೂನ್ ಪತ್ರಿಕೆ ನಾಲ್ಕನ್ನೂ ಸಾಲಾಗಿ ನಿಲ್ಲಿಸಿ ಮುಖಪುಟದಲ್ಲಿ ಹಾಕಿತು. 1984ರಲ್ಲಿ ಕಂಪನಿಯ ಆಡಳಿತ ವ್ಯವಸ್ಥೆ ಬದಲಾಗಿ ವಿಭಾಗಗಳ ಸ್ವಂತ ಎಂಜಿನಿಯರಿಂಗ್ ಬಹುಮಟ್ಟಿಗೆ ಕೊನೆಗೊಂಡಿತು. ಹಾಗಿದ್ದರೂ ಓಲ್ಡ್ಸ್‌ಮೊಬೈಲ್ ಮಾರಾಟದ ಶಿಖರ ಬಂದದ್ದು 1985ರಲ್ಲಿ! ಹಳೆಯ ಕೀರ್ತಿಯ ಮೇಲೆ ಒಂದು ಹೆಸರು ಕೆಲವು ವರ್ಷ ಓಡಬಲ್ಲದು. ಅಷ್ಟರಲ್ಲಿ ಹೋಂಡಾ ಅಕಾರ್ಡ್ ಅಮೆರಿಕದ ನೆಲದಲ್ಲೇ ತಯಾರಾಗುತ್ತಿತ್ತು, ಟೊಯೋಟಾ ಕ್ಯಾಮ್ರಿ ಬಂದಿತ್ತು. ಕೆಡದೆ ಓಡುವ ಕಾರು ಬೇಕೆನ್ನುವ ಮಧ್ಯಮ ವರ್ಗ ಅತ್ತ ಸಾಗಿತು.

1988ರ ಜಾಹೀರಾತುಗಳು ಇದು ಅಪ್ಪನ ಕಾಲದ ಕಾರಲ್ಲ ಎಂದು ಯುವಕರನ್ನು ಕರೆದವು. ಅಪ್ಪಂದಿರಿಗೆ ಬೇಸರವಾಯಿತು, ಮಕ್ಕಳು ಬರಲಿಲ್ಲ. 1995ರ ಅರೋರಾ ನಿಜಕ್ಕೂ ಒಳ್ಳೆಯ ಕಾರು, ಆದರೆ ಹೊರಮೈಯಲ್ಲಿ ಎಲ್ಲಿಯೂ ಓಲ್ಡ್ಸ್‌ಮೊಬೈಲ್ ಎಂಬ ಹೆಸರಿರಲಿಲ್ಲ. 2000ದ ಡಿಸೆಂಬರ್‌ನಲ್ಲಿ ಜನರಲ್ ಮೋಟರ್ಸ್ ಓಲ್ಡ್ಸ್‌ಮೊಬೈಲ್‌ನ ಬಾಗಿಲು ಮುಚ್ಚುವ ನಿರ್ಧಾರ ಪ್ರಕಟಿಸಿತು. 2004ರ ಏಪ್ರಿಲ್ 29ರಂದು ಕೊನೆಯ ಕಾರು, ಒಂದು ಅಲೆರೊ, ಲ್ಯಾನ್ಸಿಂಗ್‌ನಲ್ಲೇ ತಯಾರಾಯಿತು. 107 ವರ್ಷಗಳಲ್ಲಿ ಮೂರೂವರೆ ಕೋಟಿಗೂ ಹೆಚ್ಚು ಕಾರು ಹೊರಬಂದಿದ್ದವು.

ಯಂತ್ರಭಾಗಗಳನ್ನು ಹಂಚಿಕೊಳ್ಳುವುದು ತಪ್ಪೆಂದು ಈ ಕಥೆಯಿಂದ ತಿಳಿಯಬೇಕಿಲ್ಲ. ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ಟೊಯೋಟಾದ ಹೈರೈಡರ್ ಜೊತೆಗೇ ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರಾ ತಯಾರಾಗುತ್ತದೆ. ಹೀಗೆ ಹಂಚಿಕೊಂಡರೆ ಖರ್ಚು ಇಳಿಯುತ್ತದೆ, ಹೊಸ ತಂತ್ರಜ್ಞಾನ ಹೆಚ್ಚು ಜನರಿಗೆ ಮುಟ್ಟುತ್ತದೆ. ಹೈಡ್ರಾಮ್ಯಾಟಿಕ್ ಕೂಡ ಓಲ್ಡ್ಸ್‌ಮೊಬೈಲ್‌ನಿಂದ ಬೇರೆ ಕಾರುಗಳಿಗೆ ಹರಡಿದ್ದು ಹೀಗೆಯೇ. ಆದರೆ ಹಂಚಿಕೊಳ್ಳಲು ಮೊದಲು ಯಾರಾದರೂ ಹೊಸದನ್ನು ಮಾಡಿರಬೇಕು. ಅದಕ್ಕೆ ಸ್ವಂತ ಎಂಜಿನಿಯರುಗಳಿರುವ, ತಪ್ಪಿದರೂ ಸಹಿಸಿಕೊಳ್ಳುವ, ಬೋಲ್ಟ್ ಸಾಲದು ಎಂದರೆ ಕೇಳಿಸಿಕೊಳ್ಳುವ ಜಾಗ ಕಂಪನಿಯೊಳಗೆ ಬೇಕು. ಜನರಲ್ ಮೋಟರ್ಸ್ ಆ ಜಾಗವನ್ನು ಖರ್ಚಿನ ಬಾಬತ್ತೆಂದು ಎಣಿಸಿ ತೆಗೆದುಹಾಕಿತು. ಕಾರಿನ ಮೇಲಿನ ಹೆಸರಿಗೆ ಬೆಲೆ ತಂದುಕೊಟ್ಟಿದ್ದೇ ಆ ಜಾಗ. ಅದು ಹೋದ ಮೇಲೆ ಹೆಸರನ್ನು ಉಳಿಸುವ ಶಕ್ತಿ ಯಾವ ಜಾಹೀರಾತಿಗೂ ಇರಲಿಲ್ಲ.