ಯಂತ್ರದೊಡನೆ ಮಾತುಕತೆ: ಕೀಲಿಮಣೆಯಾಚೆಗಿನ ದಾರಿಗಳು

ಕಂಪ್ಯೂಟರ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಒಂದು ಪರದೆ, ಒಂದು ಕೀಲಿಮಣೆ ಮತ್ತು ಒಂದು ಮೌಸ್. ಕೀಲಿಮಣೆ ಹಳೆಯ ಬೆರಳಚ್ಚು ಯಂತ್ರದ ಬಳುವಳಿ. ಮೌಸನ್ನು ಡಗ್ಲಸ್ ಎಂಗಲ್‌ಬಾರ್ಟ್ ಎಂಬ ತಂತ್ರಜ್ಞರು 1968ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನರ ಮುಂದೆ ಪ್ರದರ್ಶಿಸಿದರು. ಇವನ್ನು ಬಳಸಲು ಅಕ್ಷರ ಗೊತ್ತಿರಬೇಕು, ಕಣ್ಣು ಕಾಣಬೇಕು, ಬೆರಳು ಆಡಬೇಕು. ಹೆಚ್ಚಿನ ಕಡೆ ಇಂಗ್ಲಿಷೂ ಬರಬೇಕು.

ಇವುಗಳಲ್ಲಿ ಒಂದು ಇಲ್ಲದವರ ಗತಿಯೇನು? ಅಂಥವರು ನಮ್ಮ ಮನೆಗಳಲ್ಲೇ ಇದ್ದಾರೆ. ಊರಿನಿಂದ ಕೆಲವು ತಿಂಗಳ ಮಟ್ಟಿಗೆ ಬರುವ ಅನೇಕ ಅಜ್ಜ-ಅಜ್ಜಿಯರಿಗೆ ಇಂಗ್ಲಿಷ್ ಕೀಲಿಮಣೆ ತೊಡಕು. ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಆದ್ದರಿಂದ ಯಂತ್ರದೊಡನೆ ವ್ಯವಹರಿಸಲು ಬೇರೆ ದಾರಿಗಳಿವೆಯೇ ಎಂಬುದು ಕೇವಲ ವಿಜ್ಞಾನಿಗಳ ಪ್ರಶ್ನೆಯಲ್ಲ. ಈ ಹುಡುಕಾಟದ ಕೆಲವು ಮುಖ್ಯ ಹೆಜ್ಜೆಗಳು ನಾವು ವಾಸಿಸುವ ಈ ಪ್ರದೇಶದಲ್ಲೇ ನಡೆದಿವೆ ಎಂಬುದು ನಮ್ಮ ಮಕ್ಕಳಿಗೆ ತಿಳಿದಿರಲಿ.

ಶಿಕಾಗೋದ ಕೈಗವಸು

ಶಿಕಾಗೋ ನಗರದಲ್ಲಿರುವ ಇಲಿನಾಯ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ಡ್ಯಾನಿಯಲ್ ಸ್ಯಾಂಡಿನ್ ಮತ್ತು ಥಾಮಸ್ ಡಿಫಾಂಟಿ ಎಂಬುವರು 1977ರಲ್ಲಿ ಒಂದು ಕೈಗವಸು ತಯಾರಿಸಿದರು. ಅದರ ಮೂಲ ಕಲ್ಪನೆ ರಿಚ್ ಸೇಯರ್ ಅವರದು. ಆದ್ದರಿಂದ ಅದಕ್ಕೆ 'ಸೇಯರ್ ಗ್ಲವ್' ಎಂಬ ಹೆಸರು. ಬೆರಳುಗಳ ಉದ್ದಕ್ಕೂ ಬಾಗುವ ಸಣ್ಣ ಕೊಳವೆಗಳು. ಕೊಳವೆಯ ಒಂದು ತುದಿಯಲ್ಲಿ ದೀಪ, ಇನ್ನೊಂದು ತುದಿಯಲ್ಲಿ ಬೆಳಕನ್ನು ಅಳೆಯುವ ಸಾಧನ. ಬೆರಳು ಮಡಚಿದರೆ ಕೊಳವೆ ಬಾಗಿ, ಆಚೆ ತುದಿಗೆ ತಲಪುವ ಬೆಳಕು ಕಡಿಮೆಯಾಗುತ್ತದೆ. ಎಷ್ಟು ಕಡಿಮೆಯಾಯಿತು ಎಂಬುದರಿಂದ ಬೆರಳು ಎಷ್ಟು ಬಾಗಿದೆ ಎಂದು ಯಂತ್ರಕ್ಕೆ ತಿಳಿಯುತ್ತದೆ. ಎಷ್ಟು ಸರಳ ಉಪಾಯ ನೋಡಿ!

ಅದೇ ಪ್ರಯೋಗಾಲಯದವರು 1992ರಲ್ಲಿ ಶಿಕಾಗೋದಲ್ಲಿ ನಡೆದ ಸಮ್ಮೇಳನದಲ್ಲಿ 'ಕೇವ್', ಅಂದರೆ ಗುಹೆ, ಎಂಬ ಕೋಣೆಯನ್ನು ತೋರಿಸಿದರು. ಗೋಡೆಗಳ ಮೇಲೂ ನೆಲದ ಮೇಲೂ ಚಿತ್ರಗಳು. ವಿಶೇಷ ಕನ್ನಡಕ ಹಾಕಿಕೊಂಡು ಒಳಗೆ ನಿಂತರೆ, ನೋಡುವವರ ತಲೆ ತಿರುಗಿದಂತೆ ದೃಶ್ಯವೂ ಬದಲಾಗುತ್ತದೆ. ಅಲ್ಲಿ ಇಡೀ ದೇಹವೇ ಕೀಲಿಮಣೆ.

ಇನ್ನೊಂದು ಕಡೆ ನೋಡಿ. ಜನವರಿಯ ಚಳಿಯಲ್ಲಿ ಉಣ್ಣೆಯ ಕೈಗವಸು ಹಾಕಿಕೊಂಡು ಫೋನಿನ ಪರದೆಯನ್ನು ಮುಟ್ಟಿದರೆ ಅದು ಉಲಿಯುವುದೇ ಇಲ್ಲ. ಇಂದಿನ ಪರದೆ ಗುರುತಿಸುವುದು ಬೆರಳಿನ ಒತ್ತಡವನ್ನಲ್ಲ, ವಿದ್ಯುತ್ತಿನ ಹರಿವಿಗೆ ನಮ್ಮ ಚರ್ಮ ಮಾಡುವ ಅಲ್ಪ ವ್ಯತ್ಯಾಸವನ್ನು. ಉಣ್ಣೆ ಅದನ್ನು ತಡೆಯುತ್ತದೆ. ಒಂದು ಸಂದರ್ಭಕ್ಕೆ ಒಗ್ಗುವ ವಿಧಾನ ಇನ್ನೊಂದಕ್ಕೆ ಒಗ್ಗದು.

ಡೆಟ್ರಾಯಿಟ್‌ನ ಕಾರು ಕಲಿಸಿದ ಪಾಠ

ಈ ಮಾತಿಗೆ ಒಳ್ಳೆಯ ಉದಾಹರಣೆ ಮಿಷಿಗನ್‌ನ ಕಾರು ಉದ್ಯಮದಲ್ಲಿದೆ. ಜನರಲ್ ಮೋಟರ್ಸ್‌ನ ಬ್ಯೂಕ್ ವಿಭಾಗ 1986ರ 'ರಿವಿಯೆರಾ' ಕಾರಿನಲ್ಲಿ ಮುಟ್ಟಿದರೆ ಕೆಲಸ ಮಾಡುವ ಪರದೆಯನ್ನು ಇಟ್ಟಿತು. ರೇಡಿಯೋ, ಹವಾ ನಿಯಂತ್ರಣ ಎಲ್ಲವೂ ಅದರಲ್ಲೇ. ಆದರೆ ಗುಂಡಿಯನ್ನಾದರೆ ನೋಡದೆಯೇ ತಡಕಿ ಹುಡುಕಬಹುದು. ನುಣುಪಾದ ಗಾಜಿನ ಮೇಲೆ ಬೆರಳಿಗೆ ಏನೂ ಸಿಗದು. ರಸ್ತೆಯಿಂದ ಕಣ್ಣು ತೆಗೆಯಬೇಕಾಗುತ್ತದೆ ಎಂದು ಜನ ದೂರಿದರು. ಕೆಲವೇ ವರ್ಷಗಳಲ್ಲಿ ಬ್ಯೂಕ್ ಅದನ್ನು ಕೈಬಿಟ್ಟಿತು.

ಮುಂದೆ ಕಾರಿನೊಳಗೆ ಮಾತಿಗೆ ಸ್ಥಾನ ಬಂತು. 1996ರ ಶಿಕಾಗೋ ವಾಹನ ಪ್ರದರ್ಶನದಲ್ಲಿ ಪ್ರಕಟವಾದ 'ಆನ್‌ಸ್ಟಾರ್' ವ್ಯವಸ್ಥೆಯಲ್ಲಿ ಒಂದು ಗುಂಡಿ ಒತ್ತಿ ಸಹಾಯಕರೊಡನೆ ಮಾತನಾಡಬಹುದಿತ್ತು. ಫೋರ್ಡ್ ಮತ್ತು ಮೈಕ್ರೋಸಾಫ್ಟ್ 2007ರಲ್ಲಿ ತಂದ 'ಸಿಂಕ್' ವ್ಯವಸ್ಥೆಗೆ ಬಾಯಿಮಾತಿನಲ್ಲೇ ಆಜ್ಞೆ ಕೊಟ್ಟು ಫೋನ್ ಮಾಡಬಹುದಾಯಿತು, ಹಾಡು ಹಾಕಿಸಬಹುದಾಯಿತು. ಮಾತಿಗೂ ಗಮನ ಬೇಕೆಂಬುದು ನಿಜ. ಆದರೂ ಕಣ್ಣು ರಸ್ತೆಯ ಮೇಲಿರುತ್ತದೆ. ಹೊಸದು ಎಂಬ ಮಾತ್ರಕ್ಕೆ ಒಂದು ವಿಧಾನ ಒಳ್ಳೆಯದಲ್ಲ. ಆ ಹೊತ್ತಿನಲ್ಲಿ ನಮ್ಮ ಕಣ್ಣು, ಕೈ, ಬಾಯಿ ಇವುಗಳಲ್ಲಿ ಯಾವುದು ಬಿಡುವಾಗಿದೆಯೋ ಅದನ್ನು ಬಳಸಿಕೊಳ್ಳುವ ವಿಧಾನವೇ ಒಳ್ಳೆಯದು.

ಬೆಂಗಳೂರಿನ ಸಿಂಪ್ಯೂಟರ್

ನಮ್ಮ ನಾಡಿನಲ್ಲೂ ಇದೇ ಚಿಂತನೆ ನಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯವರು ಸೇರಿ, ಓದು ಬರಹ ಬಾರದವರೂ ಬಳಸಬಹುದಾದ 'ಸಿಂಪ್ಯೂಟರ್' ಎಂಬ ಅಂಗೈಯಗಲದ ಗಣಕವನ್ನು ರೂಪಿಸಿದರು. ಕೀಲಿಮಣೆಯ ಬದಲು ಪರದೆಯ ಮೇಲೆ ಕಡ್ಡಿಯಿಂದ ಮುಟ್ಟುವುದು. ಕನ್ನಡದಂತಹ ಭಾಷೆಗಳಲ್ಲಿ ಬರಹವನ್ನು ಗಟ್ಟಿಯಾಗಿ ಓದಿ ಹೇಳುವುದು ಅದರ ವಿಶೇಷ. 2004ರಲ್ಲಿ ಮಾರುಕಟ್ಟೆಗೆ ಬಂದ 'ಅಮಿಡಾ' ಮಾದರಿಯಲ್ಲಿ ಕೈಯ ಅಲುಗಾಟವನ್ನು ಗುರುತಿಸುವ ಸಾಧನವೂ ಇತ್ತು. ಐಫೋನ್ ಬಂದದ್ದು 2007ರಲ್ಲಿ ಎಂಬುದನ್ನು ನೆನೆದರೆ ಇದು ಹೆಮ್ಮೆಯ ವಿಷಯ. ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಆದರೆ ಅಕ್ಷರ ಬಾರದವರನ್ನು ಮೊದಲು ನೆನೆದ ಆ ಆಲೋಚನೆ ಸೋಲಲಿಲ್ಲ.

ಕೀಲಿಮಣೆಯನ್ನೇ ಕನ್ನಡಕ್ಕೆ ಒಗ್ಗಿಸಿದವರೂ ಇದ್ದಾರೆ. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ, ಅದನ್ನೇ ಅನುಸರಿಸುವ 'ನುಡಿ' ತಂತ್ರಾಂಶದಲ್ಲಿ, 'ಕನ್ನಡ' ಎಂದು ಬರೆಯಲು ಐದೇ ಕೀಲಿಗಳು ಸಾಕು. 'ಕ' ಒತ್ತಿದರೆ ಅಕಾರ ತಾನಾಗಿ ಸೇರುತ್ತದೆ. ಒತ್ತಕ್ಷರ ಬೇಕಾದಲ್ಲಿ ಮಾತ್ರ ನಡುವೆ ಒಂದು ಕೊಂಡಿ. ನಮ್ಮ ವರ್ಣಮಾಲೆಯ ಕ್ರಮವನ್ನು ಅರಿತವರು ಮಾಡಿದ ಕೆಲಸ ಇದು.

ನಮ್ಮ ಮನೆಯಲ್ಲಿ

2017ರಲ್ಲಿ ಗೂಗಲ್ ಸಂಸ್ಥೆ ಮಾತನ್ನು ಬರಹವಾಗಿಸುವ ತನ್ನ ಸೌಲಭ್ಯಕ್ಕೆ ಕನ್ನಡವನ್ನೂ ಸೇರಿಸಿತು. ಕನ್ನಡ ಬರಹವನ್ನು ಓದಿ ಹೇಳುವ ಸೌಲಭ್ಯವೂ ಈಗ ಫೋನುಗಳಲ್ಲಿದೆ. ಹೀಗಾಗಿ ನೇಪರ್‌ವಿಲ್ಲಿನ ಮಗುವೊಂದು ಬಾಯಲ್ಲಿ ಹೇಳಿ ಹಾಸನದ ಅಜ್ಜಿಗೆ ಕನ್ನಡದಲ್ಲೇ ಓಲೆ ಕಳಿಸಬಹುದು. ಅಜ್ಜಿಯ ಉತ್ತರವನ್ನು ಫೋನಿನಿಂದಲೇ ಓದಿಸಿ ಕೇಳಬಹುದು. ಕಣ್ಣು ಮಂಜಾದ ಅಜ್ಜನಿಗೂ ಇದೇ ದಾರಿ.

ಹಾಗಾದರೆ ಅಕ್ಷರ ಕಲಿಯುವ ಅಗತ್ಯವೇ ಇಲ್ಲವೇ? ಇದೆ. ಯಂತ್ರ ನಮ್ಮ ದನಿಯನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಒಡೆದು, ಮೊದಲೇ ಕೇಳಿ ಕಲಿತ ಸಾವಿರಾರು ಜನರ ಮಾತಿಗೆ ಹೋಲಿಸಿ, ಇದು ಈ ಪದ ಇರಬೇಕು ಎಂದು ಊಹಿಸುತ್ತದೆ. ಊಹೆ ತಪ್ಪಬಹುದು. ಇಂಗ್ಲಿಷಿಗೆ ಒಗ್ಗಿದ ಮಕ್ಕಳ ನಾಲಗೆಗೆ 'ಳ'ಕಾರ ಕಷ್ಟ. "ಬೇಸಿಗೆಗೆ ಹಳ್ಳಿಗೆ ಬರುತ್ತೇವೆ" ಎಂದದ್ದು "ಹಲ್ಲಿಗೆ ಬರುತ್ತೇವೆ" ಎಂದಾದರೆ ಅಜ್ಜಿ ನಕ್ಕಾರು! ತಪ್ಪನ್ನು ಹಿಡಿಯಬೇಕಾದರೆ ಓದಲು ಬರಬೇಕು.

ಇದನ್ನೇ ಪಾಠವಾಗಿ ಮಾಡಿಕೊಳ್ಳಬಹುದು. ವಾರಕ್ಕೊಮ್ಮೆ ಮಗು ನಾಲ್ಕು ವಾಕ್ಯ ಹೇಳಲಿ. ಮೂಡಿದ ಅಕ್ಷರಗಳನ್ನು ತಾಯಿ ತಂದೆಯರು ಜೊತೆಗೆ ಕುಳಿತು ಓದಲಿ. ತಪ್ಪಿದ ಪದವನ್ನು ಮಗು ಪರದೆಯ ಮೇಲೆ ಬೆರಳಿನಿಂದಲೇ ಬರೆದು ತಿದ್ದಲಿ. ಅದಕ್ಕೂ ಕನ್ನಡದಲ್ಲಿ ಅನುಕೂಲವಿದೆ. ಹೀಗೆ ಆಡುವುದು, ಓದುವುದು, ಬರೆಯುವುದು ಮೂರೂ ಒಂದೇ ಓಲೆಯಲ್ಲಿ ಆಗುತ್ತವೆ. ಒಂದು ಎಚ್ಚರಿಕೆ: ಹೀಗೆ ಆಡಿದ ಮಾತು ಅನೇಕ ಸಲ ದೂರದ ಗಣಕಕ್ಕೆ ಹೋಗಿ ಬರಹವಾಗಿ ಮರಳುತ್ತದೆ. ಮನೆಯ ಗುಟ್ಟುಗಳನ್ನು ಅದಕ್ಕೆ ಹೇಳದಿರುವುದು ಲೇಸು.

ಫೋನಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ತಾನಾಗಿ ಮೇಲೆ ಬರುವುದಿಲ್ಲ. ನಾವು ಹುಡುಕಿ ಆರಿಸಿಕೊಳ್ಳಬೇಕು. ಯಂತ್ರ ಈಗ ನಮ್ಮ ಮಾತನ್ನು ಕೇಳಲು ಸಿದ್ಧವಾಗಿದೆ. ಅದರೊಡನೆ ಕನ್ನಡದಲ್ಲಿ ಮಾತನಾಡಬೇಕಾದವರು ನಾವು.